ಎದೆಬಡಿತದ ಒಂದು ತೊಂದರೆ ಇನ್ನೊಂದನ್ನು ಎಬ್ಬಿಸುತ್ತದೆಯೇ?

ಪ್ರಶ್ನೆ: ನನಗೆ 51 ವರ್ಷ. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇನೆ, ಅಂಗನವಾಡಿಯಲ್ಲಿ ಕೆಲಸ. ಸುಮಾರು ಹದಿನೈದು ವರ್ಷದಿಂದ ಆಗಾಗ ಎದೆ ಇದ್ದಕ್ಕಿದ್ದಂತೆ ಓಡಲು ಶುರುವಾಗುತ್ತದೆ. ಕುತ್ತಿಗೆಯಲ್ಲೂ ಬಡಿತ ಗೊತ್ತಾಗುತ್ತದೆ. ಉಸಿರು ಬಿಗಿಹಿಡಿದು ಮುಕ್ಕಿದರೆ ಟಕ್ಕನೆ ನಿಲ್ಲುತ್ತಿತ್ತು. ಆಮೇಲೆ ಎರಡು ಮೂರು ಸಲ ಮೂತ್ರಕ್ಕೆ ಹೋಗಬೇಕು. ಡಾಕ್ಟರು ಎಸ್‌ವಿಟಿ ಅಂದಿದ್ದರು. ಈ ಸಲ ಯುಗಾದಿ ಮುಗಿದ ಮೇಲೆ ಒಮ್ಮೆ ಬಂದದ್ದು ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಓಟ ನಿಂತಿತು, ಆದರೆ ಬಡಿತ ಅಡ್ಡಾದಿಡ್ಡಿ ಆಯಿತು. ಎರಡು ಗಂಟೆ ಬಿಟ್ಟು ಸರಿಹೋಯಿತು. ಆಷಾಢದಲ್ಲಿ ಮನೆಯಲ್ಲೇ ಮತ್ತೆ ಬಂತು. ಮೊದಲು ಒಂದೇ ಸಮ ಓಡಿತು, ಅರ್ಧ ಗಂಟೆ ಆದಮೇಲೆ ತಾಳ ತಪ್ಪಿತು. ಆಗಿನ ಇಸಿಜಿ ನೋಡಿ ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಇಂಜೆಕ್ಷನ್‌ನಿಂದಲೇ ಹೊಸ ಕಾಯಿಲೆ ಬಂತು ಅಂತ ನಮ್ಮ ಯಜಮಾನರು ಹೇಳುತ್ತಾರೆ. ಒಂದಿದ್ದ ಕಾಯಿಲೆ ಎರಡಾಯಿತಾ? ವೈರ್ ಹಾಕಿ ಸುಡುವ ಚಿಕಿತ್ಸೆ ಮಾಡಿಸಿದರೆ ಎರಡೂ ಹೋಗುತ್ತವಾ? ರಕ್ತ ತೆಳು ಮಾಡುವ ಮಾತ್ರೆ ಬೇಕಾ? ಮೂರು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದೇನೆ, ಶುಗರ್ ಇಲ್ಲ. ಮಗಳಿಗೂ ಇದು ಬರುತ್ತಾ? ಮೂರು ಇಸಿಜಿ ಮತ್ತು ಡಿಸ್ಚಾರ್ಜ್ ಚೀಟಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಮನೆಯಲ್ಲಿ ಇಂಜೆಕ್ಷನ್ ಮಾತೇ ನಡೆಯುತ್ತಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ. ಚೀಟಿಯಲ್ಲಿ ಇರುವಂತೆ ನಿಮಗೆ ಕೊಟ್ಟಿದ್ದು ಅಡೆನೊಸಿನ್. ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗದಲ್ಲಿ ಹುಟ್ಟುವ ಆ ಒಂದೇ ಸಮದ ಓಟ, ಅದನ್ನು ನಿಲ್ಲಿಸಲು ಎಲ್ಲ ಕಡೆ ಮೊದಲು ಕೊಡುವ ಮದ್ದು ಅದೇ. ಮೊದಲು 6 ಮಿಲಿಗ್ರಾಂ, ಅದಕ್ಕೆ ಬಗ್ಗದಿದ್ದರೆ 12. ರಕ್ತಕ್ಕೆ ಸೇರಿದ ಹತ್ತು ಸೆಕೆಂಡಿನೊಳಗೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಆ ಕೆಲವು ಕ್ಷಣ ಎದೆ ಹಿಂಡಿದ ಹಾಗೆ, ಜೀವವೇ ಹೋದ ಹಾಗೆ ಆಗುವುದು ನಿಜ. ಅದೇ ಹೊತ್ತಿನಲ್ಲಿ, ನೂರರಲ್ಲಿ ಸುಮಾರು ಹನ್ನೆರಡು ಜನರಿಗೆ, ಬಡಿತ ಏಟ್ರಿಯಲ್ ಫಿಬ್ರಿಲೇಷನ್‌ಗೆ ತಿರುಗುತ್ತದೆ. ಅಂದರೆ ಹೃದಯದ ಮೇಲಿನ ಕೋಣೆಗಳು ನಡುಗಿ ಬಡಿತದ ತಾಳ ತಪ್ಪುವುದು. ಇದನ್ನು ನಾವು ಚಿಕ್ಕದಾಗಿ ಎಎಫ್ ಅನ್ನುತ್ತೇವೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ನಿಮ್ಮಲ್ಲೂ ನಿಂತಿದೆ.

ಹಾಗಾಗಿ ಯುಗಾದಿ ಮರುವಾರದ ಆ ಎರಡು ಗಂಟೆಯ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ ಇರಬಹುದು. ಆದರೆ ಆಷಾಢದಲ್ಲಿ ಬಂದದ್ದಕ್ಕೆ ಇಂಜೆಕ್ಷನ್ ಕಾರಣ ಅಲ್ಲವೇ ಅಲ್ಲ. ಅಷ್ಟು ದಿನ ಆ ಮದ್ದು ಮೈಯಲ್ಲಿ ಉಳಿಯುವುದಿಲ್ಲ. ಆ ದಿನ ಕೊಟ್ಟ ಡಾಕ್ಟರ ಮೇಲೆ ಕೋಪ ಬೇಡ. ಅವರು ಮಾಡಿದ್ದು ಸರಿಯಾದ ಚಿಕಿತ್ಸೆ. ನಿಮ್ಮ ಹೃದಯದ ಮೇಲಿನ ಕೋಣೆಗಳು ಸುಲಭವಾಗಿ ಎಎಫ್‌ಗೆ ಜಾರುತ್ತವೆ ಅನ್ನುವುದು ಅವತ್ತು ಗೊತ್ತಾಯಿತು, ಅಷ್ಟೇ.

ಈಗ ಇಸಿಜಿಗಳನ್ನು ನೋಡೋಣ. ನೀವು ಇಷ್ಟು ವರ್ಷದ ಹಾಳೆಗಳನ್ನು ಇಟ್ಟುಕೊಂಡಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು.

ಹಳೆಯದು, ಎಸ್‌ವಿಟಿ ಇದ್ದಾಗ ತೆಗೆದದ್ದು. ಇಸಿಜಿ ಹಾಳೆಯ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ನಿಮ್ಮ ಹಾಳೆಯಲ್ಲಿ ಎರಡು ಎತ್ತರದ ಗೆರೆಗಳ ನಡುವೆ 8 ಸಣ್ಣ ಚೌಕ ಇದೆ. 1500ನ್ನು 8ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 188 ಬಡಿತ. ಮುಖ್ಯವಾದದ್ದು ಏನೆಂದರೆ, ಹಾಳೆಯ ಈ ತುದಿಯಿಂದ ಆ ತುದಿವರೆಗೂ ಅದೇ 8 ಚೌಕ. ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ವಿ1 ಅನ್ನುವ ಸಾಲಿನಲ್ಲಿ ಪ್ರತಿ ಬಡಿತದ ಕೊನೆಗೂ ಒಂದು ಪುಟ್ಟ ಏರು ಕಾಣುತ್ತದೆ. ಆರಾಮಾಗಿದ್ದಾಗ ತೆಗೆದ ಎರಡನೇ ಇಸಿಜಿಯಲ್ಲಿ ಆ ಏರು ಇಲ್ಲ. ಇದರ ಜೊತೆಗೆ ಕುತ್ತಿಗೆಯ ಬಡಿತ, ಆಮೇಲೆ ಮೂತ್ರ ಜಾಸ್ತಿ ಆಗುವುದು, ಮುಕ್ಕಿದರೆ ನಿಲ್ಲುವುದು. ಇಷ್ಟೂ ಸೇರಿದರೆ ನಿಮ್ಮದು ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕರೆಂಟಿನ ದಾರಿಯಾದ ಎವಿ ನೋಡ್‌ನೊಳಗೇ ಸುತ್ತುವ ಎಸ್‌ವಿಟಿ, ಅಂದರೆ ಎವಿಎನ್‌ಆರ್‌ಟಿ, ಎಂದು ಹೇಳಬಹುದು. ದೊಡ್ಡವರಲ್ಲಿ ಬರುವ ಎಸ್‌ವಿಟಿಗಳಲ್ಲಿ ಇದೇ ಜಾಸ್ತಿ. ಅದರಲ್ಲೂ ಹೆಂಗಸರಲ್ಲಿ.

ಮೂರನೆಯದು ಆಷಾಢದ್ದು. ಇಲ್ಲಿ ಎರಡು ಗೆರೆಗಳ ನಡುವೆ ಒಮ್ಮೆ 9 ಚೌಕ, ಆಮೇಲೆ 14, ಆಮೇಲೆ 8, ಆಮೇಲೆ 11. ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಡುವಿನ ಗೆರೆ ಸಣ್ಣಗೆ ನಡುಗುತ್ತಿದೆ. ಇದು ಎಎಫ್. ನಿಮ್ಮ ಡಾಕ್ಟರು ಹೇಳಿದ್ದು ಸರಿ.

ಆದರೆ ಈ ಮೂರು ಹಾಳೆಯಲ್ಲೂ ಇಲ್ಲದ ಒಂದು ವಿಷಯ ನಿಮ್ಮ ಪತ್ರದಲ್ಲಿದೆ. "ಮೊದಲು ಒಂದೇ ಸಮ ಓಡಿತು, ಅರ್ಧ ಗಂಟೆ ಆದಮೇಲೆ ತಾಳ ತಪ್ಪಿತು" ಅಂತ ಬರೆದಿದ್ದೀರಿ. ಆಸ್ಪತ್ರೆಗೆ ಬರುವ ಹೊತ್ತಿಗೆ ಎಎಫ್ ಮಾತ್ರ ಉಳಿದಿರುತ್ತದೆ, ಶುರುವಾದದ್ದು ಹೇಗೆ ಅನ್ನುವುದು ಡಾಕ್ಟರಿಗೆ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ರೋಗಿ ಮಾತ್ರ. ದಯವಿಟ್ಟು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತನ್ನು ಮೊದಲು ಹೇಳಿ. ಬರೀ "ಎಎಫ್ ಇದೆಯಂತೆ" ಅಂದರೆ ಚಿಕಿತ್ಸೆಯ ದಾರಿಯೇ ಬೇರೆ ಕಡೆಗೆ ಹೋಗಿಬಿಡಬಹುದು.

ಒಂದರಿಂದ ಇನ್ನೊಂದು ಹೇಗೆ ಹುಟ್ಟುತ್ತದೆ? ಹೃದಯದ ಮೇಲಿನ ಎರಡು ಕೋಣೆಗಳಿಂದ ಕೆಳಗಿನ ಎರಡು ಕೋಣೆಗಳಿಗೆ ಕರೆಂಟು ಇಳಿಯಲು ಸಾಮಾನ್ಯವಾಗಿ ಒಂದೇ ದಾರಿ, ಎವಿ ನೋಡ್. ನಿಮ್ಮ ಕಡೆಯ ವಿಶ್ವೇಶ್ವರಯ್ಯ ನಾಲೆಯ ತೂಬನ್ನು ನೆನಪಿಸಿಕೊಳ್ಳಿ. ನಾಲೆಯಲ್ಲಿ ಎಷ್ಟೇ ನೀರು ಬರಲಿ, ತೂಬು ಬಿಟ್ಟಷ್ಟೇ ಗದ್ದೆಗೆ. ಎವಿ ನೋಡ್ ಮಾಡುವುದೂ ಅದೇ ಕೆಲಸ. ನಿಮ್ಮಂಥವರಲ್ಲಿ ಈ ನೋಡ್‌ಗೆ ಹುಟ್ಟಿನಿಂದಲೇ ಎರಡು ಹಾದಿ ಇರುತ್ತವೆ. ಒಂದು ವೇಗದ್ದು, ಒಂದು ನಿಧಾನದ್ದು. ಲಯಕ್ಕೆ ಮುಂಚೆ ನುಗ್ಗುವ ಒಂದು ಬಿಡಿ ಬಡಿತ ಸರಿಯಾದ ಹೊತ್ತಿಗೆ ಬಂದರೆ, ಕರೆಂಟು ನಿಧಾನದ ಹಾದಿಯಲ್ಲಿ ಇಳಿದು ವೇಗದ ಹಾದಿಯಲ್ಲಿ ಮೇಲಕ್ಕೆ ಹತ್ತಿ, ಸುತ್ತಲು ಶುರುಮಾಡುತ್ತದೆ. ಅದೇ ಆ 188ರ ಓಟ.

ಈ ಓಟದಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳು ಒಂದೇ ಸಲಕ್ಕೆ ಹಿಂಡುತ್ತವೆ. ಆಗ ನಡುವಿನ ಕವಾಟ ಮುಚ್ಚಿರುತ್ತದೆ. ಮೇಲಿನ ಕೋಣೆ ಮುಚ್ಚಿದ ಬಾಗಿಲಿಗೆ ರಕ್ತ ನೂಕಿದಂತೆ ಆಗುತ್ತದೆ. ರಕ್ತ ಹಿಂದಕ್ಕೆ ತಳ್ಳಿ ಕುತ್ತಿಗೆಯಲ್ಲಿ ಬಡಿತ ಕಾಣುವುದು ಇದರಿಂದಲೇ. ಕೋಣೆಯ ಗೋಡೆ ಎಳೆದಾಗ ಅಲ್ಲಿಂದ ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಯಾಗುತ್ತದೆ. ನೀವು ಹೇಳಿದ ಮೂತ್ರದ ಕಾರಣ ಅದು. ಆ ಎಳೆತದಿಂದ, ಆ ವೇಗದಿಂದ, ಮೇಲಿನ ಕೋಣೆಯ ಸ್ನಾಯುವಿಗೆ ಒಂದು ಬಡಿತ ಮುಗಿಸಿ ಸುಧಾರಿಸಿಕೊಳ್ಳುವ ಸಮಯ ಕಡಿಮೆಯಾಗುತ್ತದೆ. ಒಂದು ಜಾಗ ಸಿದ್ಧ ಇರುತ್ತದೆ, ಪಕ್ಕದ್ದು ಇನ್ನೂ ಸಿದ್ಧ ಇರುವುದಿಲ್ಲ. ಒಂದೇ ಸುತ್ತಿನಲ್ಲಿ ಓಡುತ್ತಿದ್ದ ಕರೆಂಟು ಒಡೆದು ಹತ್ತಾರು ಚೂರಾಗಿ ಅಲೆಯುತ್ತದೆ. ಆಗ ಮೇಲಿನ ಕೋಣೆ ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತದೆ. ನಿಮಿಷಕ್ಕೆ 350ರಿಂದ 600 ಸಲ. ತೂಬು ಅದರಲ್ಲಿ ನೂರಿಪ್ಪತ್ತೋ ನೂರೈವತ್ತೋ ಮಾತ್ರ ಕೆಳಗೆ ಬಿಡುತ್ತದೆ, ಅದೂ ಹೇಗೆಂದರೆ ಹಾಗೆ. ತಾಳ ತಪ್ಪಿದ್ದು ಅಂದರೆ ಇದು.

ಎಸ್‌ವಿಟಿ ಇರುವ ಎಲ್ಲರಿಗೂ ಹೀಗಾಗುವುದಿಲ್ಲ. ಎಷ್ಟೋ ಜನ ಇಪ್ಪತ್ತು ಮೂವತ್ತು ವರ್ಷ ಬರೀ ಎಸ್‌ವಿಟಿಯಲ್ಲೇ ಇರುತ್ತಾರೆ. ನಿಮಗೆ ಈಗ ಯಾಕೆ ಅಂದರೆ, ವಯಸ್ಸು ಐವತ್ತು ದಾಟಿದೆ, ಬಿಪಿ ಸೇರಿಕೊಂಡಿದೆ. ಬಿಪಿ ಇದ್ದರೆ ಮೇಲಿನ ಎಡಕೋಣೆ ನಿಧಾನಕ್ಕೆ ಹಿಗ್ಗುತ್ತದೆ. ಹಳೆಯ ಕಿಡಿ ಅದೇ, ನೆಲ ಮಾತ್ರ ಬದಲಾಗಿದೆ.

ಎಎಫ್‌ಗೆ ಇನ್ನೊಂದು ಗುಣ ಇದೆ. ಬಂದಷ್ಟೂ ಮತ್ತೆ ಬರುವುದು ಸುಲಭವಾಗುತ್ತದೆ. 1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮೇಕೆಗಳ ಮೇಲೆ ಮಾಡಿದ ಪ್ರಯೋಗ ಇದನ್ನು ತೋರಿಸಿತು. ಮೊದಲು ಕೆಲವೇ ಸೆಕೆಂಡಿಗೆ ತಾನಾಗಿ ನಿಲ್ಲುತ್ತಿದ್ದ ಎಎಫ್, ಮತ್ತೆ ಮತ್ತೆ ಎಬ್ಬಿಸುತ್ತಾ ಹೋದಾಗ ಒಂದೆರಡು ವಾರದಲ್ಲಿ ನಿಲ್ಲದೇ ಉಳಿಯಿತು. ಮನುಷ್ಯರಲ್ಲಿ ಇದಕ್ಕೆ ವರ್ಷಗಳೇ ಹಿಡಿಯಬಹುದು. ಆದರೆ ನಿಮ್ಮ ವಿಷಯದಲ್ಲಿ ಸುಮ್ನೆ ಮುಂದೂಡುತ್ತಾ ಹೋಗಬೇಡಿ ಅಂತ ನಾನು ಹೇಳುವುದಕ್ಕೆ ಇದೇ ಕಾರಣ.

ನಿಮ್ಮದಲ್ಲದ ಇನ್ನೊಂದು ಬಗೆ ಇದೆ. ಅದನ್ನು ಬರೆಯದೇ ಬಿಡಲಾರೆ, ಯಾಕೆಂದರೆ ಇದನ್ನು ಓದುವವರಲ್ಲಿ ಯಾರಿಗಾದರೂ ಅದು ಇರಬಹುದು. ಕೆಲವರಿಗೆ ಎವಿ ನೋಡ್ ಅಲ್ಲದೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ನೇರವಾಗಿ ಇನ್ನೊಂದು ಎಳೆ ಹುಟ್ಟಿನಿಂದ ಇರುತ್ತದೆ. 1930ರಲ್ಲಿ ಇದನ್ನು ವಿವರಿಸಿದ ಮೂವರ ಹೆಸರಿನಲ್ಲಿ ವುಲ್ಫ್-ಪಾರ್ಕಿನ್ಸನ್-ವೈಟ್, ಅಂದರೆ ಡಬ್ಲ್ಯುಪಿಡಬ್ಲ್ಯು ಅನ್ನುತ್ತೇವೆ. ಆರಾಮಾಗಿದ್ದಾಗ ತೆಗೆದ ಇಸಿಜಿಯಲ್ಲಿ, ಬಡಿತದ ಗೆರೆ ನೇರವಾಗಿ ಏಳುವ ಬದಲು ಬುಡದಲ್ಲಿ ಓರೆಯಾಗಿ ಏಳುತ್ತದೆ. ಅದಕ್ಕೆ ಡೆಲ್ಟಾ ವೇವ್ ಎಂದು ಹೆಸರು. ಇಂಥವರಿಗೂ ಎಸ್‌ವಿಟಿ ಬರುತ್ತದೆ, ಎಎಫ್ ಕೂಡ ಬರಬಹುದು. ಆಗ ತೂಬಿನ ಹಂಗಿಲ್ಲ. ಆ ಎಳೆಗೆ ತಡೆಯುವ ಗುಣವೇ ಇಲ್ಲ. ಕೆಲವರಲ್ಲಿ ನಿಮಿಷಕ್ಕೆ 250-300 ಬಡಿತ ನೇರ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಳಗಿನ ಕೋಣೆಯೇ ನಡುಗಲು ಶುರುವಾದರೆ ಅದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್, ಕೂಡಲೇ ಶಾಕ್ ಕೊಡದಿದ್ದರೆ ಸಾವು. ಅಪರೂಪ, ಆದರೆ ಗಟ್ಟಿಮುಟ್ಟಾದ ಹುಡುಗರಲ್ಲೂ ಆಗುತ್ತದೆ. ಇಂಥವರಿಗೆ ಎಎಫ್ ಬಂದಾಗ ವೆರಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಅಡೆನೊಸಿನ್ ಕೊಡಬಾರದು. ಆದ್ದರಿಂದ ಡೆಲ್ಟಾ ವೇವ್ ಇದೆ ಅಂತ ಯಾರಿಗಾದರೂ ಹೇಳಿದ್ದರೆ, ಆ ಇಸಿಜಿಯ ಪ್ರತಿ ಸದಾ ಪರ್ಸಿನಲ್ಲಿ ಇರಲಿ, ಮತ್ತು ಅಬ್ಲೇಷನ್, ಅಂದರೆ ನೀವು ಕೇಳಿದ ವೈರ್ ಹಾಕಿ ಸುಡುವ ಚಿಕಿತ್ಸೆಯ ಬಗ್ಗೆ ಈಗಲೇ ಮಾತಾಡಲಿ. ನಿಮ್ಮ ಎರಡನೇ ಇಸಿಜಿಯಲ್ಲಿ ಡೆಲ್ಟಾ ವೇವ್ ಇಲ್ಲ. ಅದನ್ನೇ ನಾನು ಮೊದಲು ಹುಡುಕಿದ್ದು.

ಇನ್ನೂ ಕೆಲವು ಬಗೆಗಳಿವೆ. ಏಟ್ರಿಯಲ್ ಫ್ಲಟರ್, ಅಂದರೆ ಮೇಲಿನ ಕೋಣೆಯಲ್ಲೇ ಕರೆಂಟು ದೊಡ್ಡ ಸುತ್ತಿನಲ್ಲಿ ವೇಗವಾಗಿ ಸುತ್ತುವ ತೊಂದರೆ ಇದ್ದವರಿಗೆ ಅಬ್ಲೇಷನ್ ಮಾಡಿ ಫ್ಲಟರ್ ಪೂರ್ತಿ ಹೋದರೂ, ಮುಂದಿನ ವರ್ಷಗಳಲ್ಲಿ ಎಷ್ಟೋ ಜನರಿಗೆ ಎಎಫ್ ಬರುತ್ತದೆ. ಎಎಫ್‌ಗೆ ತಾಳ ಸರಿಪಡಿಸುವ ಫ್ಲೆಕನೈಡ್ ಎಂಬ ಮಾತ್ರೆ ಕೊಟ್ಟಾಗ ಅದು ಫ್ಲಟರ್ ಆಗಿ ಮಾರ್ಪಟ್ಟು ಬಡಿತ ವಿಪರೀತ ಏರುವುದುಂಟು. ಅದಕ್ಕೇ ಜೊತೆಗೆ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನೂ ಬರೆಯುತ್ತಾರೆ. "ಎರಡು ಮಾತ್ರೆ ಯಾಕೆ" ಅಂತ ಒಂದನ್ನು ಬಿಟ್ಟುಬಿಡಬೇಡಿ. ವಯಸ್ಸಾದವರಲ್ಲಿ ಎಎಫ್ ನಿಂತ ಕೂಡಲೇ ಹೃದಯದ ಸ್ವಂತ ಬಡಿತ ಏಳಲು ತಡವಾಗಿ, ನಾಲ್ಕೈದು ಸೆಕೆಂಡ್ ಖಾಲಿ ಹೋಗಿ, ಕಣ್ಣು ಕತ್ತಲೆ ಬಂದು ಬೀಳುವವರಿದ್ದಾರೆ. ಅಂಥವರಲ್ಲಿ ಓಟ ತಗ್ಗಿಸುವ ಮಾತ್ರೆ ಕೊಟ್ಟರೆ ಆ ಖಾಲಿ ಇನ್ನೂ ಉದ್ದವಾಗುತ್ತದೆ. ಪೇಸ್‌ಮೇಕರ್ ಬೇಕಾಗಬಹುದು. ಕೆಳಗಿನ ಕೋಣೆಯ ಬಿಡಿ ಬಡಿತಗಳು ದಿನದ ಒಟ್ಟು ಬಡಿತದಲ್ಲಿ ನೂರಕ್ಕೆ ಹತ್ತು ಇಪ್ಪತ್ತರಷ್ಟು ಇದ್ದರೆ, ಹೃದಯ ನಿಧಾನಕ್ಕೆ ಸೊರಗಬಹುದು. ಸೊರಗಿದ ಹೃದಯದಲ್ಲಿ ಬೇರೆ ಅಪಾಯದ ಓಟಗಳು ಹುಟ್ಟುತ್ತವೆ. ಹಾಗೆ ಸೊರಗಿದ್ದು ಕಾರಣ ತೆಗೆದರೆ ಮತ್ತೆ ಚೇತರಿಸಿಕೊಳ್ಳುವುದನ್ನೂ ನೋಡುತ್ತೇವೆ, ಅದು ಸಮಾಧಾನದ ವಿಷಯ.

ಈಗ ಚಿಕಿತ್ಸೆ. ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಎಸ್‌ವಿಟಿಗೆ ಅಬ್ಲೇಷನ್ ಮಾಡಿಸಿಕೊಳ್ಳಿ. ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ವೈರುಗಳನ್ನು ಹೃದಯಕ್ಕೆ ಕಳಿಸುತ್ತಾರೆ. ಮೊದಲು ಪರೀಕ್ಷೆ, ಅಂದರೆ ಎಸ್‌ವಿಟಿಯನ್ನು ಬೇಕೆಂದೇ ಎಬ್ಬಿಸಿ ಯಾವ ಹಾದಿ ಅಂತ ಖಚಿತ ಮಾಡಿಕೊಳ್ಳುತ್ತಾರೆ. ನಾನು ಹಾಳೆ ನೋಡಿ ಹೇಳಿದ್ದು ಸರಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಆ ನಿಧಾನದ ಹಾದಿಯ ಕೆಲವೇ ಮಿಲಿಮೀಟರ್ ಜಾಗವನ್ನು ಬಿಸಿಮಾಡಿ ಮುಚ್ಚುತ್ತಾರೆ. ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಎಸ್‌ವಿಟಿ ಹೋಗುತ್ತದೆ. ಮುಖ್ಯ ಅಪಾಯ ಅಂದರೆ ಪಕ್ಕದ ಎವಿ ನೋಡ್‌ಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವುದು. ಅದು ನೂರರಲ್ಲಿ ಒಬ್ಬರಿಗಿಂತ ಕಡಿಮೆ.

ಎರಡೂ ಹೋಗುತ್ತವಾ ಅಂದಿರಿ. ಎಸ್‌ವಿಟಿಯೇ ಪ್ರತಿ ಸಲ ಎಎಫ್ ಎಬ್ಬಿಸುತ್ತಿದ್ದರೆ, ಎಸ್‌ವಿಟಿ ಹೋದಮೇಲೆ ಎಎಫ್ ಕೂಡ ನಿಲ್ಲುವುದನ್ನು ಬಹಳ ಜನರಲ್ಲಿ ಕಾಣುತ್ತೇವೆ. ಚಿಕ್ಕ ವಯಸ್ಸಿನವರಲ್ಲಿ ಈ ಭರವಸೆ ಜಾಸ್ತಿ. ಐವತ್ತು ದಾಟಿ ಬಿಪಿ ಇದ್ದವರಲ್ಲಿ ಸ್ವಲ್ಪ ಕಡಿಮೆ, ಯಾಕೆಂದರೆ ಎಎಫ್‌ಗೆ ಬೇರೆ ಮೂಲಗಳೂ ಇವೆ. ಫ್ರಾನ್ಸಿನ ಬೋರ್ಡೋದ ಮಿಷೆಲ್ ಹೈಸಾಗೆರ್ ತಂಡ 1998ರಲ್ಲಿ ತೋರಿಸಿದ್ದು ಇದನ್ನೇ. ಆಗಾಗ ಬಂದುಹೋಗುವ ಎಎಫ್ ಹೆಚ್ಚಾಗಿ ಶುರುವಾಗುವುದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ ಬಾಯಿಯಲ್ಲಿ ಏಳುವ ಬಿಡಿ ಬಡಿತಗಳಿಂದ. ಅದಕ್ಕೆ ಬೇರೆಯೇ ಅಬ್ಲೇಷನ್ ಇದೆ. ಅದು ಇನ್ನೂ ದೊಡ್ಡ ಕೆಲಸ, ಖರ್ಚೂ ಜಾಸ್ತಿ. ನಿಮಗೆ ಮೊದಲೇ ಅದು ಬೇಡ. ಮೊದಲು ಎಸ್‌ವಿಟಿ ತೆಗೆಸಿ. ಆಮೇಲೆ ಕೆಲವು ತಿಂಗಳು, ಇಡೀ ದಿನದ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಆಗಾಗ ಕಟ್ಟಿಸುತ್ತಾ, ನಾಡಿ ನೋಡುತ್ತಾ ಗಮನಿಸಿ. ಎಎಫ್ ಮತ್ತೆ ಬಂದರೆ ಆಗ ಯೋಚಿಸಬಹುದು.

ಎಲ್ಲಿಗೆ ಹೋಗುವುದು? ಮಂಡ್ಯದ ನಿಮ್ಮ ಡಾಕ್ಟರ ಪತ್ರ ತೆಗೆದುಕೊಂಡು ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬರಬಹುದು. ಬೇರೆ ಆಸ್ಪತ್ರೆಗೂ ಹೋಗಬಹುದು. ಎಲ್ಲಿಗೆ ಹೋದರೂ ಕೇಳಬೇಕಾದದ್ದು ಎಲೆಕ್ಟ್ರೋಫಿಸಿಯಾಲಜಿ, ಅಂದರೆ ಹೃದಯದ ಕರೆಂಟಿನ ತೊಂದರೆಗೆ ಚಿಕಿತ್ಸೆ ಮಾಡುವ ಡಾಕ್ಟರು ಯಾವ ದಿನ ಸಿಗುತ್ತಾರೆ, ಈ ಅಬ್ಲೇಷನ್ ಇಲ್ಲೇ ಆಗುತ್ತದೋ ಬೆಂಗಳೂರಿಗೆ ಹೋಗಬೇಕೋ ಅನ್ನುವುದು. ಸ್ಟೆಂಟ್ ಹಾಕುವ ಎಲ್ಲರೂ ಇದನ್ನು ಮಾಡುವುದಿಲ್ಲ. ಆಯುಷ್ಮಾನ್ ಕಾರ್ಡ್, ಬಿಪಿಎಲ್ ಕಾರ್ಡ್ ಇದ್ದರೆ ತನ್ನಿ, ದಾಖಲಾಗುವ ಮುಂಚೆಯೇ ಕೌಂಟರಿನಲ್ಲಿ ವಿಚಾರಿಸಿ. ಇಸಿಜಿ ಹಾಳೆಗಳ ಬಗ್ಗೆ ಒಂದು ಮಾತು. ಅವು ಶಾಖಕ್ಕೆ ಕಪ್ಪಾಗುವ ಕಾಗದ. ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಹಾಳು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಕೆಲ ವರ್ಷಕ್ಕೆ ಮಾಸಿಹೋಗುತ್ತವೆ. ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಇಟ್ಟುಕೊಳ್ಳಿ.

ರಕ್ತ ತೆಳು ಮಾಡುವ ಮಾತ್ರೆಯ ತೀರ್ಮಾನವನ್ನು ಅಬ್ಲೇಷನ್ ಜೊತೆ ಬೆರೆಸಬೇಡಿ. ಎಎಫ್ ಇದ್ದಾಗ ಮೇಲಿನ ಎಡಕೋಣೆಯ ಒಂದು ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಅದು ಮಿದುಳಿಗೆ ಹೋದರೆ ಲಕ್ವ. ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲೇಬೇಕು. ನಮ್ಮ ಕಡೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಮೈಟ್ರಲ್ ಕವಾಟ ಕಿರಿದಾದವರು ಇನ್ನೂ ಇದ್ದಾರೆ. ಅಂಥವರಿಗೆ ಎಎಫ್ ಇದ್ದರೆ ಲಕ್ವದ ಅಪಾಯ ಅಳೆಯುವ ಅಂಕ ಎಣಿಸುವ ಪ್ರಶ್ನೆಯೇ ಇಲ್ಲ, ವಾರ್ಫರಿನ್ ಅಥವಾ ಅದೇ ಗುಂಪಿನ ಅಸಿಟ್ರಾಮ್‌ನಂಥ ಮಾತ್ರೆಯೇ ಬೇಕು. ರಕ್ತ ತೆಳು ಮಾಡುವ ಹೊಸ ಮಾತ್ರೆಗಳಲ್ಲಿ ಒಂದಾದ ರಿವರಾಕ್ಸಬಾನ್ ಅವರಿಗೆ ಸಾಲದು ಎಂದು 2022ರ ದೊಡ್ಡ ಅಧ್ಯಯನ ತೋರಿಸಿದೆ. ಕವಾಟ ಸರಿ ಇದ್ದರೆ ಅಂಕ ನೋಡುತ್ತೇವೆ. ಬಿಪಿ, ಶುಗರ್, ಹಾರ್ಟ್ ಫೇಲ್ಯೂರ್, ರಕ್ತನಾಳದ ಕಾಯಿಲೆ, 65 ದಾಟಿದ ವಯಸ್ಸು, ಇವಕ್ಕೆ ಒಂದೊಂದು. 75 ಆದರೆ ಎರಡು. ಹಿಂದೆ ಲಕ್ವ ಆಗಿದ್ದರೆ ಎರಡು. ಹೆಣ್ಣು ಎಂಬುದಕ್ಕೆ ಒಂದು ಅಂಕ ಕೊಡುವ ಪದ್ಧತಿ ಇತ್ತು, 2024ರಲ್ಲಿ ಯುರೋಪಿನ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ನಿಮಗೆ ಬಿಪಿಯ ಒಂದು ಅಂಕ. ಎರಡಾದರೆ ಮಾತ್ರೆ ಬೇಕೇ ಬೇಕು ಅನ್ನುತ್ತೇವೆ, ಒಂದಾದರೆ ಕೂತು ಮಾತಾಡಿ ತೀರ್ಮಾನಿಸಬೇಕು. ನಿಮ್ಮ ಡಾಕ್ಟರು ಶುರುಮಾಡಿದರೆ ಅದಕ್ಕೆ ಕಾರಣ ಇದೆ, ನೀವೇ ನಿಲ್ಲಿಸಬೇಡಿ. ಅದರ ಬದಲು ಆಸ್ಪಿರಿನ್ ನುಂಗಿದರೆ ಆ ಕೆಲಸ ಆಗುವುದಿಲ್ಲ.

ಥೈರಾಯ್ಡ್ ಪರೀಕ್ಷೆ ಮಾಡಿಸಿ, ನಿಮ್ಮ ಕಾಗದಗಳಲ್ಲಿ ಅದು ಕಾಣಲಿಲ್ಲ. ರಾತ್ರಿ ಗೊರಕೆ ಜೋರಿದ್ದು ಉಸಿರು ಕಟ್ಟಿದಂತಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಹಬ್ಬದ ಬಾಡೂಟದ ಜೊತೆ ಕುಡಿದು ಮರುದಿನ ಎಎಫ್‌ನಲ್ಲಿ ಬರುವ ಗಂಡಸರಿಗೂ ಇದೇ ಜಾಗದಲ್ಲಿ ಹೇಳುತ್ತೇನೆ, ಕುಡಿತ ಎಎಫ್‌ಗೆ ನೇರ ಕಾರಣಗಳಲ್ಲಿ ಒಂದು.

ಅಷ್ಟರೊಳಗೆ ಮತ್ತೆ ಓಟ ಬಂದರೆ? ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ. ಒಂದೇ ಸಮ ಇದ್ದರೆ, ಅರೆ ಕುಳಿತ ಭಂಗಿಯಲ್ಲಿ 15 ಸೆಕೆಂಡ್ ಜೋರಾಗಿ ಊದಿ. 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು ಒಳಗಿನ ದಂಡ ಜರುಗುವಷ್ಟು ಊದಿದರೆ ಸಾಕು. ಕೂಡಲೇ ಅಂಗಾತ ಮಲಗಿ. ಮನೆಯವರು ನಿಮ್ಮ ಎರಡೂ ಕಾಲನ್ನು 15 ಸೆಕೆಂಡ್ ಓರೆಯಾಗಿ ಎತ್ತಿ ಹಿಡಿಯಲಿ. 2015ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದಾಗ ಬರೀ ಊದಿದವರಲ್ಲಿ ನೂರಕ್ಕೆ 17 ಜನರಿಗೆ, ಹೀಗೆ ಕಾಲೆತ್ತಿದವರಲ್ಲಿ 43 ಜನರಿಗೆ ಎಸ್‌ವಿಟಿ ನಿಂತಿತ್ತು. ಎಎಫ್‌ಗೆ ತಿರುಗುವ ಮುಂಚೆಯೇ ನಿಲ್ಲಿಸುವುದು ನಿಮಗೆ ಮುಖ್ಯ, ಆದ್ದರಿಂದ ಶುರುವಾದ ಕೂಡಲೇ ಮಾಡಿ, ಕಾಯಬೇಡಿ. ನಾಡಿ ಆಗಲೇ ಅಡ್ಡಾದಿಡ್ಡಿ ಆಗಿದ್ದರೆ ಇದರಿಂದ ಉಪಯೋಗವಿಲ್ಲ, ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ತಲೆಸುತ್ತು ಬಂದು ಬಿದ್ದರೆ, ಎದೆನೋವು, ಉಸಿರಾಟದ ತೊಂದರೆ ಇದ್ದರೆ, ಬಾಯಿ ಸೊಟ್ಟಗಾದರೆ, ಕೈ ಬಲ ತಪ್ಪಿದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆ ಮಾತ್ರ ಸಮಯ.

ಮಗಳ ವಿಷಯ. ನಿಮ್ಮ ಬಗೆಯ ಎಸ್‌ವಿಟಿ ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಇಳಿಯುವ ಕಾಯಿಲೆಯಲ್ಲ. ಅವಳಿಗೆ ಯಾವ ತೊಂದರೆಯೂ ಇಲ್ಲದಿದ್ದರೆ ಪರೀಕ್ಷೆಗೆ ಅಲೆಯಬೇಕಿಲ್ಲ. ಎದೆ ಓಡುತ್ತದೆ ಅಂದರೆ ಒಂದು ಇಸಿಜಿ ತೆಗೆಸಿ, ಡೆಲ್ಟಾ ವೇವ್ ಇದೆಯಾ ಅಂತ ಕೇಳಿ. ಅವಳು ಓಡುವಾಗ, ಆಡುವಾಗ ಎಚ್ಚರ ತಪ್ಪಿ ಬಿದ್ದಿದ್ದರೆ, ಅಥವಾ ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ದಿಢೀರ್ ತೀರಿಕೊಂಡಿದ್ದರೆ ಮಾತ್ರ ಅದು ಬೇರೆ ವಿಷಯ. ಆಗ ನೀವು ಬರುವ ದಿನವೇ ಅವಳನ್ನೂ ಕರೆದುಕೊಂಡು ಬನ್ನಿ.